ನೀರಿನ ಕೊಡ ಕೊನೆಗೆ ಏರಲಿ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಡುವೆ ಸಾಮಾನು ಹೇರಿದ ಮಿನಿ ಲಾರಿಗಳು ಓಡಾಡುತ್ತವೆ. ವರ್ಗವಾದವರಿಗೆ ಆಷಾಢ ಬರುವುದರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸುವ ಆತುರ. ದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿ.ಮೀ. ‘ಇಷ್ಟಕ್ಕೇನು ಸಿದ್ಧತೆ?’ ಎನ್ನುವವರೇ ಮೊದಲ ರಾತ್ರಿ ಬೆಂಕಿಪೊಟ್ಟಣಕ್ಕಾಗಿ ಹತ್ತು ಗಂಟು ಬಿಚ್ಚುವುದು.

ಲಾರಿಗೆ ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ. ಹಾಸಿಗೆ, ತಟ್ಟೆ-ಲೋಟ, ಟಾರ್ಚು, ಕುಡಿಯುವ ನೀರಿನ ಕೊಡ ಕೊನೆಗೆ ಏರಲಿ. ಬೀರು, ಅಕ್ಕಿ ಮೂಟೆಗಳು ಮೊದಲೇ ಏರಿ ತಳದಲ್ಲಿ ಕೂರಬೇಕು. ಭಾರ ಮೇಲಿದ್ದಷ್ಟೂ ಲಾರಿ ತಿರುವಿನಲ್ಲಿ ವಾಲುತ್ತದೆ. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆಯೇ ಸರಿ. ದೊಡ್ಡದಾದರೆ ಪೆಟ್ಟಿಗೆಯ ತಳವೂ ಉಳಿಯದು, ಹಮಾಲರ ಸೊಂಟವೂ ಉಳಿಯದು. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಹಾಗಾಗಿದ್ದರೆ ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಕರೆಂಟು ಕೊಡುವುದು ಕ್ಷೇಮ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಏರಿಸದೆ ಏಜೆನ್ಸಿಗೆ ಒಪ್ಪಿಸಿ, ವರ್ಗಾವಣೆಯ ಕಾಗದ ಪಡೆಯಬೇಕು.

ನೀರಿನ ಕೊಡ ಎಂದದ್ದಕ್ಕೆ ಕಾರಣವಿದೆ. ಈ ಜಿಲ್ಲೆಯ ಅನೇಕ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹಿರಿಯೂರು, ಚಿತ್ರದುರ್ಗಗಳಿಗೆ ವಾಣಿವಿಲಾಸ ಸಾಗರದ ನೀರಿದೆ. ಆದರೆ ನೋಡಿದ ಮನೆಯ ನಲ್ಲಿಗೆ ಅದು ಬರುತ್ತದೆಯೇ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಕೇಳಬೇಕಾದ್ದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು.