ಸ್ಮೃತಿ ತಪ್ಪಿದ ಆಟದ ಪೆಟ್ಟಿಗೆ

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ನೆರೆಯುವ ಮಾಯಕ್ಕದೇವಿಯ ಜಾತ್ರೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿಗಳ ಜನರಷ್ಟೇ ಅಲ್ಲದೆ ಕೊಲ್ಲಾಪುರ, ಸಾಂಗಲಿಗಳ ಕಡೆಯವರೂ ಬಂದು ಭಂಡಾರ ತೂರಿ ಹರಕೆ ತೀರಿಸುತ್ತಾರೆ. ದೇವಿಯ ದರ್ಶನವಾದ ಬಳಿಕ ಹುಡುಗರ ಕಾಲು ಎಳೆಯುವುದು ತೊಟ್ಟಿಲು, ಬಲೂನು, ಆಟದ ಅಂಗಡಿಗಳ ಕಡೆಗೆ. ಅಲ್ಲಿ ಒಂದು ಹಳೆಯ ವಿಡಿಯೋ ಆಟದ ಪೆಟ್ಟಿಗೆಯನ್ನು ನಿಲ್ಲಿಸಬೇಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಟ ತೊಟ್ಟಿದ್ದ. ಆ ಪೆಟ್ಟಿಗೆ ಹೇಗೆ ಕೆಟ್ಟಿತ್ತು, ಕೆಟ್ಟುದನ್ನು ಹೇಗೆ ಕಂಡುಹಿಡಿದೆವು ಎಂಬುದೇ ಈ ಲೇಖನದ ವಿಷಯ. ಕನ್ನಡ ಪಂಡಿತನಿಗೆ ಇದರಲ್ಲೇನು ಕೆಲಸವೆಂದು ತಾವು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿಕೊಂಡೆ.

ಈ ವಿದ್ಯಾರ್ಥಿಗೆ ನಿಪ್ಪಾಣಿಯಲ್ಲಿ ಟಿ.ವಿ., ಮೊಬೈಲು ರಿಪೇರಿಯ ಸಣ್ಣ ಅಂಗಡಿಯುಂಟು. ತಾಯಿ ಬೀಡಿ ಕಟ್ಟಿ ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಕೇಳಿ ಪಡೆದು, ಮುಚ್ಚಿಹೋದ ಆಟದ ಅಂಗಡಿಯೊಂದರಿಂದ ಆ ಪೆಟ್ಟಿಗೆಯನ್ನು ಕೊಂಡಿದ್ದ. ಆಟದ ಹೆಸರು ಸ್ಪೇಸ್ ಇನ್ವೇಡರ್ಸ್. ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ಎಂಬಾತ ರಚಿಸಿ ೧೯೭೮ರಲ್ಲಿ ಹೊರಬಂದ ಈ ಆಟ ಲೋಕಪ್ರಸಿದ್ಧ. ಸಾಲಿಗೆ ೧೧ರಂತೆ ಐದು ಸಾಲು, ಒಟ್ಟು ೫೫ ವಿಚಿತ್ರ ಪ್ರಾಣಿಗಳ ದಂಡು ಬಲಕ್ಕೆ ಸರಿದು, ಅಂಚು ಮುಟ್ಟಿ, ಒಂದು ಮೆಟ್ಟಲು ಕೆಳಗಿಳಿದು ಎಡಕ್ಕೆ ತಿರುಗುವುದು. ಎಡದ ಅಂಚು ಮುಟ್ಟಿ ಮತ್ತೆ ಇಳಿಯುವುದು. ಅದು ನೆಲ ಮುಟ್ಟುವ ಮೊದಲು ಆಟಗಾರನು ಕೆಳಗಿನಿಂದ ಗುಂಡು ಹಾರಿಸಿ ಎಲ್ಲವನ್ನೂ ಉರುಳಿಸಬೇಕು.

ಜಾತ್ರೆಗೆ ಹದಿನೈದು ದಿನವಿರುವಾಗ ಅವನು ಮೋರೆ ಸಣ್ಣದು ಮಾಡಿಕೊಂಡು ಬಂದ. “ಗುರುಗಳ, ಮೂರು ರೋಗ ಅದಾವ್ರೀ ಇದಕ್ಕ. ಪಡದ್ಯಾಗ ಗೆರಿ ಬೀಳ್ತಾವ. ಗುಂಡು ಹಾರಿಸಿದ್ರ ನಡಬರಕನ ಒಡಿತೈತಿ. ದಂಡು ಎಡಗಡೆ ಗ್ವಾಡಿ ಹಿಡಕೊಂಡು ಸೀದಾ ಕೆಳಗ ಇಳೀತೈತಿ, ಬಲಕ್ಕ ಹೋಗೂದs ಇಲ್ಲ” ಎಂದ. ಬೇರೆ ಊರಿನ ಮೆಕ್ಯಾನಿಕನೊಬ್ಬನು ನೋಡಿ, ಮೆಮೊರಿಯೂ ಹೋಗಿದೆ, ಪ್ರೋಗ್ರಾಮೂ ಹೋಗಿದೆ, ಹಳೆಯ ಬೋರ್ಡನ್ನು ಗುಜರಿಗೆ ಹಾಕಿ ಹೊಸದು ಕೂಡಿಸು ಎಂದಿದ್ದನಂತೆ. ಹೊಸದಕ್ಕೆ ಅವನು ಹೇಳಿದ ಬೆಲೆಯೆಂದರೆ ತಾಯಿಯ ಗಂಟಿನ ಉಳಿದ ಪಾಲೂ ಹೋಗಬೇಕು.

ಪ್ರೋಗ್ರಾಮೆಂದರೆ ಆಟದ ನಿಯಮಗಳನ್ನು ಬರೆದಿಟ್ಟ ಶಾಸನ. ಅದು ಬೇರೆ ಐ.ಸಿ.ಗಳಲ್ಲಿ ಶಾಶ್ವತವಾಗಿ ನೆಲೆಸಿರುತ್ತದೆ. ವಿದ್ಯುತ್ತು ನಿಂತರೂ ಅಳಿಯದು. ನಮ್ಮ ಹುಡುಗ ಜಾಣ. ಆ ಐ.ಸಿ.ಗಳನ್ನು ಬಿಚ್ಚಿ, ತನ್ನಲ್ಲಿದ್ದ ಓದುಯಂತ್ರದಲ್ಲಿಟ್ಟು, ಮೂಲಪ್ರತಿಯೊಡನೆ ಅಕ್ಷರಶಃ ತಾಳೆ ನೋಡಿದ್ದ. ಒಂದು ಪಾಠಾಂತರವೂ ಇರಲಿಲ್ಲ! ಶಾಸನ ಸರಿಯಾಗಿದ್ದೂ ಆಳ್ವಿಕೆ ತಪ್ಪುತ್ತಿರುವುದೇಕೆ? ಅವನ ಗೊಂದಲ ಇದೇ ಆಗಿತ್ತು.

ಇಲ್ಲಿ ಮೆಮೊರಿಯ ಬಗೆಯನ್ನು ತುಸು ವಿವರಿಸಬೇಕು. ಕಂಪ್ಯೂಟರು ಎಲ್ಲವನ್ನೂ ಎರಡೇ ಚಿಹ್ನೆಗಳಲ್ಲಿ, ಒಂದು ಮತ್ತು ಸೊನ್ನೆಗಳಲ್ಲಿ, ಬರೆಯುತ್ತದೆಂಬುದನ್ನು ತಾವು ಕೇಳಿರುವಿರಿ. ಛಂದಸ್ಸು ಓದಿದವರಿಗೆ ಇದು ಹೊಸತಲ್ಲ. ಗುರುವೊಂದು, ಲಘುವೊಂದು, ಮೂರು ಸ್ಥಾನಗಳಲ್ಲಿ ಇವನ್ನು ಅದಲುಬದಲು ಮಾಡಿದರೆ ಎಂಟು ಗಣಗಳು. ಎಂಟು ಸ್ಥಾನಗಳಿಗೆ ಪ್ರಸ್ತಾರ ಹಾಕಿದರೆ ೨೫೬. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಪ್ರಸ್ತಾರವನ್ನಷ್ಟೇ ಅಲ್ಲ, ನಷ್ಟ, ಉದ್ದಿಷ್ಟಗಳನ್ನೂ ಹೇಳಿದ್ದಾನೆ. ಇಷ್ಟನೆಯ ಸಾಲಿನಲ್ಲಿ ಗುರುಲಘುಗಳ ವಿನ್ಯಾಸ ಯಾವುದು ಎಂದು ಕಂಡುಹಿಡಿಯುವುದು ನಷ್ಟ. ಇಂಥ ವಿನ್ಯಾಸ ಎಷ್ಟನೆಯ ಸಾಲಿನದು ಎಂದು ಕಂಡುಹಿಡಿಯುವುದು ಉದ್ದಿಷ್ಟ. ನಮ್ಮ ಕೆಲಸವೂ ಉದ್ದಿಷ್ಟವೇ ಆಗಿತ್ತು: ಪರದೆಯ ವಿನ್ಯಾಸದಿಂದ ಕೆಟ್ಟ ಸ್ಥಾನವನ್ನು ತಿಳಿಯುವುದು.

ಈ ಆಟದ ಪರದೆಯಲ್ಲಿ ಅಗಲಕ್ಕೆ ೨೨೪, ಎತ್ತರಕ್ಕೆ ೨೫೬ ಚುಕ್ಕೆಗಳುಂಟು. ಮೆಮೊರಿಯಲ್ಲಿ ಗುರುವಿದ್ದಲ್ಲಿ ಚುಕ್ಕೆ ಬೆಳಗುತ್ತದೆ, ಲಘುವಿದ್ದಲ್ಲಿ ಕಪ್ಪು. ಕೆಳಗಿನಿಂದ ಮೇಲಕ್ಕೆ ಎಂಟೆಂಟು ಚುಕ್ಕೆಗಳನ್ನು ಒಂದು ಪದವಾಗಿ ಕಟ್ಟಿದ್ದಾರೆ. ಈ ಎಂಟಕ್ಷರದ ಪದಕ್ಕೆ ಬೈಟ್ ಎಂದು ಹೆಸರು. ಪರದೆಗೆ ಬೇಕಾದ ಬೈಟುಗಳು ೭೧೬೮. ಅಂಕ, ಜೀವ, ದಂಡಿನ ಲೆಕ್ಕ ಮುಂತಾದುವಕ್ಕೆ ೧೦೨೪. ಒಟ್ಟು ೮೧೯೨.

ಇವನ್ನು ಹಿಡಿದಿಡುವ ಐ.ಸಿ.ಗಳು ೧೬, ಒಂದೊಂದರಲ್ಲಿ ೪೦೯೬ ಅಕ್ಷರ. ಇಂಗ್ಲಿಷಿನ ಚಿಪ್ ನಮ್ಮ ಜನರ ಬಾಯಲ್ಲಿ ಚಿಪ್ಪು ಆಗಿರುವುದು ನನಗೆ ಬಹಳ ಇಷ್ಟ. ಮುತ್ತಿನಷ್ಟೇ ಬೆಲೆಯುಳ್ಳದ್ದು ಅದರೊಳಗಿದೆಯಲ್ಲ! ಒಂದು ಸ್ವಾರಸ್ಯವನ್ನು ಗಮನಿಸಿರಿ: ಒಂದು ಚಿಪ್ಪು ಇಡೀ ಪದವನ್ನು ಇಟ್ಟುಕೊಳ್ಳುವುದಿಲ್ಲ. ಎಂಟು ಮಂದಿ ಲಿಪಿಕಾರರು ಸಾಲಾಗಿ ಕುಳಿತಿದ್ದಾರೆಂದು ಭಾವಿಸಿರಿ. ಪ್ರತಿ ಪದದ ಮೊದಲಕ್ಷರವನ್ನು ಮೊದಲನೆಯವನೇ ಬರೆಯಬೇಕು, ಎರಡನೆಯದನ್ನು ಎರಡನೆಯವನೇ. ಇಂಥ ಎಂಟೆಂಟು ಮಂದಿಯ ಎರಡು ಪಂಕ್ತಿಗಳು. ಹೀಗಿರಲು ಒಬ್ಬ ಲಿಪಿಕಾರನಿಗೆ ಜಾಡ್ಯ ಬಡಿದರೆ ಗ್ರಂಥದ ಒಂದು ಪುಟ ಹಾಳಾಗುವುದಿಲ್ಲ. ಆ ಪಂಕ್ತಿ ಬರೆದ ಪ್ರತಿಯೊಂದು ಪದದಲ್ಲಿಯೂ ಒಂದೇ ಸ್ಥಾನದ ಅಕ್ಷರ ಕೆಡುತ್ತದೆ.

ಲಿಪಿಕಾರನಿಗೆ ಮರವೆಯೂ ಸಹಜವೇ. ೧೯೬೮ರಲ್ಲಿ ಅಮೇರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಪೇಟೆಂಟು ಪಡೆದ ಈ ಜಾತಿಯ ಮೆಮೊರಿಯಲ್ಲಿ ಒಂದೊಂದು ಅಕ್ಷರವೂ ಕಿರಿದಾದ ವಿದ್ಯುತ್ತಿನ ಕೊಡ. ಕೊಡ ತುಂಬಿದ್ದರೆ ಒಂದು, ಬರಿದಿದ್ದರೆ ಸೊನ್ನೆ. ಆದರೆ ಎಲ್ಲವೂ ಸೋರುವ ಕೊಡಗಳು. ಆ ಕಾಲದ ಚಿಪ್ಪುಗಳಲ್ಲಿ ಸೆಕೆಂಡಿನ ಐನೂರನೆಯ ಒಂದು ಭಾಗದೊಳಗಾಗಿ ಪ್ರತಿಯೊಂದನ್ನೂ ಓದಿ ಮರಳಿ ತುಂಬುತ್ತಿರಬೇಕು. ಸೆಕೆ, ಧೂಳು, ಏರಿಳಿಯುವ ವೋಲ್ಟೇಜು ಇವುಗಳಲ್ಲಿ ನಾಲ್ಕು ದಶಕ ದುಡಿದ ಚಿಪ್ಪು ಸೋತರೆ ಅಚ್ಚರಿಯಲ್ಲ.

ಈಗ ನನ್ನ ಪಾಲಿನ ಕೆಲಸಕ್ಕೆ ಬರುತ್ತೇನೆ. ಅಂಗಡಿಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತೆ. ಪರದೆಯ ಬಲಭಾಗದಲ್ಲಿ ಅಡ್ಡಗೆರೆಗಳು, ಏಣಿಯ ಮೆಟ್ಟಲಿನಂತೆ ಸಮದೂರದಲ್ಲಿ. ಎಡಭಾಗ ಸ್ವಚ್ಛ. ಮೇಲ್ತುದಿಯಲ್ಲಿ ಅಂಕಗಳ ಇಂಗ್ಲಿಷ್ ಅಕ್ಷರಗಳು ಅಡ್ಡಸಾಲಾಗಿದ್ದವು. ಎಡಕ್ಕಿದ್ದವು ಎಂದಿನಂತೆ, ಬಲಕ್ಕಿದ್ದವು ಮಾತ್ರ ತಲೆಯ ಮೇಲೆ ಒಂದೇ ಗೆರೆ ಹೊತ್ತು ನಿಂತಿದ್ದವು. ಗಡಿನಾಡಿನವನಾದ ನನಗೆ ಥಟ್ಟನೆ ಮರಾಠಿಯ ಬಾಳಬೋಧ ಲಿಪಿ ಹೊಳೆಯಿತು. “ಅಲ್ಲೋ, ಇವಕ್ಕ ಶಿರೋರೇಖಾ ಯಾರು ಎಳೆದರು?” ಎಂದೆ. ಹುಡುಗ ನಕ್ಕ, ನಕ್ಕವನು ಹಾಗೆಯೇ ನಿಂತುಬಿಟ್ಟ.

ಏಕೆಂದರೆ ಈ ಆಟದ ಅಕ್ಷರಗಳ ಮನೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಎತ್ತರದಲ್ಲಿ ಒಂದು ಮನೆಗೆ ಸರಿಯಾಗಿ ಒಂದು ಬೈಟು. ಅಕ್ಷರದ ಆಕಾರ ಕೆಳಗಿನ ಏಳು ಚುಕ್ಕೆಗಳಲ್ಲಿಯೇ ಮುಗಿದು, ಎಂಟನೆಯದು ಬರಿದಾಗಿರಬೇಕು. ಆ ಎಂಟನೆಯ ಸ್ಥಾನ ಸದಾ ಬೆಳಗುತ್ತಿದೆ, ಎಂದರೆ ಲಘು ಬರೆದಲ್ಲಿಯೂ ಗುರುವೆಂದೇ ಓದಿಸಿಕೊಳ್ಳುತ್ತಿದೆ. ಮೇಲಿನ ಸಾಲಿನಲ್ಲಿ ಒಟ್ಟು ೨೮ ಅಕ್ಷರಗಳ ಮನೆಗಳುಂಟು. ಗೆರೆ ಬಲಗಡೆಯ ೧೬ ಮನೆಗಳ ಮೇಲಿತ್ತು. ಎಡದ ೧೨ರ ಮೇಲೆ ಇರಲಿಲ್ಲ. ಎರಡನೆಯ ಪಂಕ್ತಿಯ ೪೦೯೬ ಬೈಟುಗಳು ಪರದೆಯ ಬಲಗಡೆಯ ೧೨೮ ಕಂಬಸಾಲುಗಳಿಗೆ, ಅಂದರೆ ೧೬ ಅಕ್ಷರಗಳಿಗೆ, ಸರಿಹೊಂದುತ್ತವೆ. ಹುಡುಗ ನಕ್ಷೆ ಬಿಡಿಸಿ, ಎರಡನೆಯ ಪಂಕ್ತಿಯ ಕೊನೆಯ ಚಿಪ್ಪಿನ ಮೇಲೆ ಬೆರಳಿಟ್ಟ. ದೈವ ಒಳ್ಳೆಯದು, ರೋಗ ಮೊದಲನೆಯ ಪಂಕ್ತಿಯಲ್ಲಿದ್ದರೆ ಲೆಕ್ಕವಿಡುವ ೧೦೨೪ ಬೈಟುಗಳೂ ಕೆಟ್ಟು ಆಟವೇ ಏಳುತ್ತಿರಲಿಲ್ಲ.

ಗೆರೆಯ ಮಾತಾಯಿತು. ಗುಂಡು ಒಡೆಯುವುದೇಕೆ, ದಂಡು ಬಲಕ್ಕೆ ಬಾರದಿರುವುದೇಕೆ? ಇಲ್ಲಿ ನಿಶಿಕಾದೊ ಮಾಡಿದ ಯುಕ್ತಿಯನ್ನು ತಿಳಿಯಬೇಕು. ಗುಂಡು ಯಾವುದಕ್ಕಾದರೂ ತಗುಲಿತೇ ಎಂಬುದನ್ನು ಯಂತ್ರ ಗಣಿತ ಹಾಕಿ ನೋಡುವುದಿಲ್ಲ. ಗುಂಡನ್ನು ಬರೆಯುವ ಜಾಗದಲ್ಲಿ ಆಗಲೇ ಬೆಳಗಿದ ಚುಕ್ಕೆಯಿದೆಯೇ ಎಂದು ಪರದೆಯ ಮೆಮೊರಿಯನ್ನೇ ಓದುತ್ತದೆ. ಇದ್ದರೆ ತಗುಲಿತೆಂದೇ ತೀರ್ಮಾನ. ಬಲಭಾಗದಲ್ಲಿ ಎಂಟು ಚುಕ್ಕೆಗೊಂದು ಸುಳ್ಳುಗೆರೆಯಿರುವಾಗ ಗುಂಡು ಹೊರಟೊಡನೆ ಗೆರೆಗೆ ಬಡಿದು ಒಡೆಯದೆ ಇನ್ನೇನಾದೀತು? ದಂಡಿನ ಕಥೆಯೂ ಇದೇ. ಬಲಕ್ಕೆ ಹೋಗುತ್ತಿರುವಾಗ ಬಲ ಅಂಚಿನ ಒಂದು ಕಂಬಸಾಲನ್ನು ಓದಿ, ಅಲ್ಲಿ ಯಾವುದಾದರೂ ಚುಕ್ಕೆ ಬೆಳಗಿದ್ದರೆ ಅಂಚು ಬಂದಿತೆಂದು ಯಂತ್ರ ತಿಳಿಯುತ್ತದೆ. ಅಲ್ಲಿ ಗೆರೆ ಸದಾ ಇದ್ದೇ ಇದೆ! ಆದುದರಿಂದ ದಂಡು ಬಲಕ್ಕೆ ಮೊಗ ಮಾಡಿದೊಡನೆಯೇ ಒಂದು ಮೆಟ್ಟಲಿಳಿದು ಎಡಕ್ಕೆ ತಿರುಗಿ, ಎಡದ ಗೋಡೆಯನ್ನು ಹಿಡಿದೇ ಕೆಳಗಿಳಿಯುತ್ತಿತ್ತು. ಸ್ಮೃತಿ ತಪ್ಪಿದುದನ್ನು ಆ ಮೆಕ್ಯಾನಿಕನು ಬುದ್ಧಿ ಕೆಟ್ಟುದೆಂದು ಬಗೆದಿದ್ದ. ಮೂರು ರೋಗವಲ್ಲ, ಒಂದೇ.

ಆದರೂ ಊಹೆ ಊಹೆಯೇ. ಹುಡುಗ ಮೊದಲು ಮಲ್ಟಿಮೀಟರು ಹಿಡಿದು ವಿದ್ಯುತ್ತನ್ನು ಅಳೆದ. ಈ ಜಾತಿಯ ಚಿಪ್ಪಿಗೆ ಮೂರು ವೋಲ್ಟೇಜು ಬೇಕು: ಹನ್ನೆರಡು, ಐದು, ಋಣ ಐದು. ಹನ್ನೆರಡು ಇದ್ದು ಋಣ ಐದು ಮಾತ್ರ ತಪ್ಪಿದರೆ ಚಿಪ್ಪುಗಳು ಸುಟ್ಟುಹೋಗಬಹುದು. ಹಾಗಿರುವಾಗ ಹೊಸದನ್ನು ಹಾಕಿದರೆ ಅದೂ ಹೋಗುತ್ತದೆ. ಮೂರೂ ಸರಿಯಾಗಿದ್ದವು. ಬಳಿಕ ವಿದ್ಯುತ್ತು ನಿಲ್ಲಿಸಿ, ಚಿಪ್ಪನ್ನು ಸಾಕೆಟ್ಟಿನಿಂದ ಎತ್ತಿ, ಕಪ್ಪಾದ ಕಾಲುಗಳನ್ನು ಒರೆಸಿ ಮರಳಿ ಕೂಡಿಸಿದ. ಗೆರೆ ಹೋಗಲಿಲ್ಲ. ಕಡೆಗೆ ಅದನ್ನೂ ಅದೇ ಪಂಕ್ತಿಯ ಏಳನೆಯ ಸ್ಥಾನದ ಚಿಪ್ಪನ್ನೂ ಅದಲುಬದಲು ಮಾಡಿದ. ಗೆರೆ ಸ್ಥಳ ಬಿಟ್ಟು ಕದಲದಿದ್ದರೆ ದೋಷ ಸಾಕೆಟ್ಟಿನದೋ ಬೋರ್ಡಿನ ತಾಮ್ರದ ದಾರಿಯದೋ ಎನ್ನಬೇಕಾಗುತ್ತಿತ್ತು. ಕದಲಿತು! ಶಿರೋರೇಖೆ ಒಂದು ಚುಕ್ಕೆ ಕೆಳಗಿಳಿದು ಅಕ್ಷರಗಳ ನೆತ್ತಿಗೇ ಬಂದು ಕೂತಿತು. ದೋಷ ಚಿಪ್ಪಿನದೇ.

ಮನೆಯಲ್ಲಿ ಇಂಥ ಪೆಟ್ಟಿಗೆ ಇಟ್ಟುಕೊಂಡವರಿಗೆ ಒಂದು ಮಾತು. ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿದ್ದರೆ ಅದಲುಬದಲು ಸುಲಭವಲ್ಲ. ಗೆರೆಯ ಲೆಕ್ಕವನ್ನು ಎರಡು ಸಲ ಹಾಕಿದ ಮೇಲೆಯೇ ಬೆಸುಗೆ ಬಿಡಿಸಿರಿ. ಒಳ್ಳೆಯ ಚಿಪ್ಪನ್ನು ಕೆಟ್ಟುದರ ಬೆನ್ನ ಮೇಲೆ ಒತ್ತಿ ಹಿಡಿದು ನೋಡುವ ರೂಢಿಯುಂಟು. ಕೆಟ್ಟ ಚಿಪ್ಪು ಪೂರಾ ಮೂಕವಾಗಿದ್ದರೆ ಅದರಿಂದ ತಿಳಿಯುತ್ತದೆ. ನಮ್ಮದರಂತೆ ಸುಳ್ಳನ್ನೇ ಗಟ್ಟಿಯಾಗಿ ಒದರುತ್ತಿದ್ದರೆ ತಿಳಿಯುವುದಿಲ್ಲ. ಚಿತ್ರನಳಿಗೆಯ ಹಿಂಬದಿಗೆ ಮಾತ್ರ ಅರಿಯದವರು ಕೈ ಹಾಕಲೇಬಾರದು. ಗುಂಡಿ ಆರಿಸಿದ ಮೇಲೂ ಅಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು.

ಹಳೆಯ ಚಿಪ್ಪು ಸಿಕ್ಕಿದ್ದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ. ಹುಡುಗ ಮೂರು ತರಿಸಿದ. ಒಂದು ಬರುವಾಗಲೇ ಸತ್ತಿತ್ತು. ಎರಡನೆಯದನ್ನು ಕೂಡಿಸಿ ಗುಂಡಿ ಒತ್ತಿದಾಗ ಅಕ್ಷರಗಳು ಬಾಳಬೋಧದ ವೇಷ ಕಳಚಿ ನಿಂತವು. ದಂಡು ಬಲಗೋಡೆಯವರೆಗೆ ನಡೆದುಹೋಗಿ ತಿರುಗಿತು. ಚಿಂಚಲಿಯಲ್ಲಿ ಐದು ದಿನ ಪೆಟ್ಟಿಗೆಯ ಮುಂದೆ ಹುಡುಗರ ಸಾಲು. ಎರಡನೆಯ ರಾತ್ರಿ ಜನರೇಟರು ಕುಂಟತೊಡಗಿ ಚಿತ್ರ ಕುಗ್ಗಿದ ಕೂಡಲೇ ಅವನು ಗುಂಡಿ ಆರಿಸಿ, ನಾಣ್ಯಗಳನ್ನು ಮರಳಿ ಕೊಟ್ಟು, ಋಣ ಐದನ್ನು ಅಳೆದು ನೋಡಿ ಬೆಳಗಿನವರೆಗೆ ಪೆಟ್ಟಿಗೆಗೆ ಮುಸುಕು ಹಾಕಿದನಂತೆ. ತಾಯಿಯ ಹಣದಲ್ಲಿ ಅರ್ಧ ಆ ಜಾತ್ರೆಯಲ್ಲಿಯೇ ತೀರಿತು. ಮೂರನೆಯ ಚಿಪ್ಪು ಅವನ ಅಂಗಡಿಯ ಗಲ್ಲೆಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟು ಕಾದಿದೆ.