ಹಳೆಯ ಫಟಫಟಿಯ ಪಾಸಿಂಗು

ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ 1961ರಿಂದ 1996ರ ವರೆಗೆ ಮೋಟಾರ್ ಸೈಕಲ್ಲುಗಳು ತಯಾರಾಗುತ್ತಿದ್ದವು. ಮೊದಲು ಜಾವಾ, 1973ರಿಂದ ಯೆಜ್ಡಿ. ಎರಡು ಸೈಲೆನ್ಸರಿನ, ಕಿಕ್ಕು ಮತ್ತು ಗಿಯರು ಎರಡಕ್ಕೂ ಒಂದೇ ಕಡ್ಡಿ ಇರುವ ಈ 250 ಸಿ.ಸಿ. ಗಾಡಿ ಓಟದ ಪಂದ್ಯಗಳಲ್ಲಿಯೂ ಹೆಸರು ಗಳಿಸಿತ್ತು. ಅಜ್ಜನ ಕಾಲದ ಅಂಥ ಗಾಡಿಯನ್ನು ಮಾರಲು ಮನಸ್ಸಿಲ್ಲದೆ ಇಟ್ಟುಕೊಂಡಿರುವ ಮನೆಗಳು ಇನ್ನೂ ಇವೆ. ಅದನ್ನು ರಸ್ತೆಯ ಮೇಲೆ ಓಡಿಸಬೇಕಾದರೆ ಪಾಸಿಂಗು ಆಗಲೇಬೇಕು.

ಮೋಟಾರು ವಾಹನ ಕಾಯಿದೆ, 1988ರ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರ ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 1996ರ ಗಾಡಿಯಾದರೆ 2011, 2016, 2021, 2026 — ಲೆಕ್ಕ ನೀವೇ ಮುಂದುವರಿಸಿರಿ. ಸಾಸ್ತೂರ, ಉಮರ್ಗಾದವರಿಗೆ ಧಾರಾಶಿವದ ಕಚೇರಿ. ಅವಧಿ ಮುಗಿಯುವ 60 ದಿನಗಳೊಳಗೆ 25ನೇ ನಮೂನೆಯ ಅರ್ಜಿ ಕೊಡಬಹುದು. ವಿಮೆ, ಹೊಗೆಯ ಪ್ರಮಾಣಪತ್ರ, ಪರ್ಯಾವರಣ ತೆರಿಗೆಯ ರಸೀದಿ ಜೊತೆಗಿರಬೇಕು. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಮನೆಯೊಂದಿಗೆ ಕಾಗದಪತ್ರಗಳೂ ಮಣ್ಣುಪಾಲಾದ ಸೀಮೆ ನಮ್ಮದು. ಆರ್.ಸಿ. ಪುಸ್ತಕ ಕಳೆದಿದ್ದರೆ 26ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಪ್ರತಿ ಪಡೆಯುವ ಕೆಲಸ ಎಲ್ಲಕ್ಕಿಂತ ಮೊದಲು ಆಗಲಿ.

ಈಗ ಪಾನಾ ಕೈಗೆ ತೆಗೆದುಕೊಳ್ಳೋಣ. ಇನ್‌ಸ್ಪೆಕ್ಟರರು ಮೊಟ್ಟಮೊದಲು ನೋಡುವುದು ಚಾಸಿ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಛಾಪು ತೆಗೆಯುತ್ತಾರೆ. ಹ್ಯಾಂಡಲಿನ ಕೊರಳ ಹತ್ತಿರದ ಜಿಡ್ಡನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿದ ಅರಿವೆಯಿಂದ ಒರೆಸಿರಿ. ಕಾನಸು ಮಾತ್ರ ಹಾಕಬೇಡಿರಿ. ಅಂಕಿ ಸವೆದರೆ ನಂಬರು ತಿದ್ದಿದ್ದಾರೆಂಬ ಸಂಶಯ ಬರುತ್ತದೆ. ಆಗ ಗಾಡಿ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಯೆಜ್ಡಿಗೆ ನಿಜವಾದ ಪರೀಕ್ಷೆ ಹೊಗೆಯದು. ಇದು ಎರಡು ಸ್ಟ್ರೋಕಿನ ಎಂಜಿನ್ನು. ಪೆಟ್ರೋಲಿನಲ್ಲಿಯೇ ಆಯಿಲ್ ಕಲಸುವುದರಿಂದ ಅದೂ ಉರಿದು, ಉರಿಯದೆ ಉಳಿದದ್ದು ಮಸಿಯಾಗಿ ಸೈಲೆನ್ಸರಿನಲ್ಲಿ ಕೂಡುತ್ತದೆ. ಹೊಗೆ ಹೋಗುವ ದಾರಿ ಕಟ್ಟಿದಾಗ ಎಂಜಿನ್ನು ಬಿಸಿಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಹೊಗೆ ಇನ್ನೂ ಹೆಚ್ಚುತ್ತದೆ. ಸೈಲೆನ್ಸರಿನ ತುದಿಯ ಬೋಲ್ಟು ಬಿಚ್ಚಿ ಒಳಗಿನ ತೂತಿನ ಕೊಳವೆಯನ್ನು ಹೊರಗೆಳೆದು, ಅಂಗಳದ ಒಲೆಯ ಕೆಂಡದ ಮೇಲೆ ಕಾಯಿಸಿರಿ. ಮಸಿ ಉರಿದುಹೋಗುತ್ತದೆ, ಆರಿದ ಮೇಲೆ ಕಟ್ಟಿಗೆಯಿಂದ ತಟ್ಟಿದರೆ ಉಳಿದದ್ದೂ ಉದುರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವವರೂ ಇದ್ದಾರೆ. ಅದು ಕಣ್ಣು, ಚರ್ಮವನ್ನು ಸುಡುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ನನಗೆ ಒಲೆಯ ಕೆಂಡವೇ ಮೇಲು. ಪೆಟ್ರೋಲಿನ ಡಬ್ಬಿಯನ್ನು ಆ ದಿನ ಅಂಗಳದಾಚೆ ಇಡಬೇಕೆಂದು ಬೇರೆ ಹೇಳಬೇಕೆ?

ಅನಂತರ ಏರ್ ಫಿಲ್ಟರ್ ತೊಳೆದು, ಪ್ಲಗ್ಗು ಒರೆಸಿ, ಪಾಯಿಂಟಿನ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಸರಿಪಡಿಸಿರಿ. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಕಾರ್ಬೊರೇಟರಿನ ಗಾಳಿಯ ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಕಿವಿಗೊಟ್ಟು ಕೇಳಿರಿ. ಎಲ್ಲಿ ಅತಿ ಚುರುಕಾಗಿ ಓಡುತ್ತದೆಯೋ ಅಲ್ಲಿ ಬಿಟ್ಟು, ವೇಗವನ್ನು ಇನ್ನೊಂದು ಸ್ಕ್ರೂವಿನಿಂದ ಇಳಿಸಿರಿ. 2000ಕ್ಕೆ ಮೊದಲಿನ ದ್ವಿಚಕ್ರಿಗೆ, ನಿಂತಲ್ಲಿ ಓಡುವಾಗ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡು ಶೇಕಡಾ 4.5ನ್ನು ಮೀರಬಾರದೆಂಬ ಮಿತಿಯಿದೆ. ಇಷ್ಟಾದರೂ ಹೊಗೆ ನಿಲ್ಲದಿದ್ದರೆ ಗಿಯರ್ ಪೆಟ್ಟಿಗೆಯ ಆಯಿಲ್ ನೋಡಿರಿ. ನೆಲಕ್ಕೆ ಒಂದು ಹನಿಯೂ ಬೀಳದೆ ಅದು ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲು ಹೋಗಿದೆ, ಆಯಿಲ್ ಒಳಗೇ ಉರಿಯುತ್ತಿದೆ ಎಂದರ್ಥ. ಅದು ಮನೆಯ ಕೆಲಸವಲ್ಲ, ಮಿಸ್ತ್ರಿಯದು.

ಬ್ರೇಕು ಹೊಗೆಗಿಂತ ದೊಡ್ಡ ಮಾತು. ಚಕ್ರ ಬಿಚ್ಚಿ ಲೈನರ್ ನೋಡಿರಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಹಿಡಿಯುವುದಿಲ್ಲ. ಮರಳು ಕಾಗದದಿಂದ ಹೊಳಪು ತೆಗೆಯಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಪುಪ್ಪುಸಕ್ಕೆ ಕೆಡುಕು. ಆದ್ದರಿಂದ ಬಾಯಿಂದ ಊದಬೇಡಿರಿ, ನೀರು ಹಚ್ಚಿ ಉಜ್ಜಿರಿ, ಒದ್ದೆ ಅರಿವೆಯಿಂದ ಒರೆಸಿರಿ. ಗ್ರೀಸು ಕುಡಿದ ಲೈನರನ್ನು ತೊಳೆದು ಮತ್ತೆ ಹಾಕುವುದು ಸುಳ್ಳು ಉಳಿತಾಯ. ಒಂದು ವಾರ ಹಿಡಿಯುತ್ತದೆ, ಅಷ್ಟರೊಳಗೆ ಪಾಸಿಂಗೂ ಆಗುತ್ತದೆ. ಆಮೇಲೆ ಉಮರ್ಗಾದ ಹೆದ್ದಾರಿಯಲ್ಲಿ ಲಾರಿಯ ಮುಂದೆ ಅದೇ ಬ್ರೇಕು ಒತ್ತಬೇಕಲ್ಲವೇ? ಹೊಸದು ಹಾಕಿರಿ. ಎಳೆ ಕಿತ್ತ ಕೇಬಲನ್ನೂ ಹಾಗೆಯೇ ಬದಲಿಸಿರಿ.

ಇದೇ ಕಾರಣಕ್ಕೆ ಎರವಲಿನ ಪದ್ಧತಿ ನನಗೆ ಸೇರುವುದಿಲ್ಲ. ಗೆಳೆಯನ ಟಾಯರು, ಬ್ಯಾಟರಿ, ಕನ್ನಡಿ ಒಂದು ದಿನಕ್ಕೆ ತಂದು ತೋರಿಸಿ, ಸಂಜೆ ಹಿಂದಿರುಗಿಸುವುದು. ಇನ್‌ಸ್ಪೆಕ್ಟರರು ಗಾಡಿ ನೋಡುವುದು ಕೆಲವು ನಿಮಿಷ. ಮಕ್ಕಳನ್ನು ಕೂಡಿಸಿಕೊಂಡು ನಾವು ಓಡಿಸುವುದು ಐದು ವರ್ಷ.

ಉಳಿದವು ಸಣ್ಣವು. ಹಳೆಯ 6 ವೋಲ್ಟಿನ ದೀಪ ಮಂಕಾಗಿದ್ದರೆ ಬ್ಯಾಟರಿ ಕೊಳ್ಳುವ ಮೊದಲು ಅರ್ಥಿಂಗ್ ತಂತಿ ಚಾಸಿಗೆ ಕೂಡುವಲ್ಲಿ ತುಕ್ಕು ಕೆರೆಯಿರಿ. ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಎರಡೂ ಬ್ರೇಕಿಗೆ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ನೋಡಿರಿ. ರಾಗ ಹಾಡುವ ಹಾರ್ನು ತೆಗೆದುಹಾಕಿರಿ. ಹಿಂದಿನ ಚಕ್ರದ ಸೀರೆ ಜಾಲಿಯನ್ನು ಅಂದಕ್ಕಾಗಿ ಬಿಚ್ಚಿಟ್ಟಿದ್ದರೆ ಮತ್ತೆ ಕೂಡಿಸಿರಿ. ಅದು ನಿಯಮವೂ ಹೌದು, ತಾಯಂದಿರ ಜೀವರಕ್ಷಣೆಯೂ ಹೌದು. 2019ರ ಏಪ್ರಿಲ್ 1ಕ್ಕಿಂತ ಹಿಂದೆ ನೋಂದಣಿಯಾದ ಗಾಡಿಗಳಿಗೂ ಮಹಾರಾಷ್ಟ್ರದಲ್ಲಿ ಎಚ್.ಎಸ್.ಆರ್.ಪಿ. ನಂಬರ್ ಪ್ಲೇಟು ಕಡ್ಡಾಯ. ಬಣ್ಣದಲ್ಲಿ ಬರೆಯಿಸಿದ್ದು ನಡೆಯದು. ಚಾಸಿ ಬಿರಿದಿದ್ದರೆ, ಡ್ರಮ್ಮು ಸೊಟ್ಟಗಾಗಿದ್ದರೆ ಮನೆಯಲ್ಲಿ ಕೈ ಹಾಕದೆ ವೆಲ್ಡಿಂಗ್, ಲೇತಿನವರ ಬಳಿಗೆ ಒಯ್ಯಿರಿ.

ಹೊಗೆ ಪರೀಕ್ಷೆಗೆ ತಣ್ಣಗಿನ ಗಾಡಿಯನ್ನು ಒಯ್ಯಬೇಡಿರಿ. ನಾಲ್ಕೈದು ಮೈಲು ಓಡಿಸಿ, ಎಂಜಿನ್ನು ಕಾದಿರುವಾಗಲೇ ನಿಲ್ಲಿಸಿರಿ. ಕಿಸೆಯಲ್ಲಿ ಒಂದು ಒಣ ಪ್ಲಗ್ಗು, ಅದರ ಪಾನಾ ಇರಲಿ.