ಚಪ್ಪರದ ಕಛೇರಿಗೊಂದು ನಿಸ್ತಂತು ಮಿಕ್ಸರು

ಗಣೇಶನ ಹಬ್ಬದಲ್ಲೋ ರಾಜ್ಯೋತ್ಸವದಲ್ಲೋ ಬೀದಿಗೆ ಚಪ್ಪರ ಹಾಕಿ ಸಂಗೀತ ಏರ್ಪಡಿಸುವ ಪದ್ಧತಿ ಬೆಂಗಳೂರಿನ ಬಡಾವಣೆಗಳಿಗೆ ಹೊಸದಲ್ಲ. ಹಾಡುವವರು ಚೆನ್ನಾಗಿಯೇ ಹಾಡುತ್ತಾರೆ. ಆದರೂ ಮುಂದಿನ ಸಾಲಿನವರಿಗೆ ಕಿವಿ ಗಡಚಿಕ್ಕುತ್ತದೆ. ಹಿಂದಿನ ಸಾಲಿನವರಿಗೆ ಸಾಹಿತ್ಯ ತಿಳಿಯುವುದಿಲ್ಲ. ಎದುರು ಮನೆಯ ಮಗುವಿಗೆ ನಿದ್ರೆ ಬಾರದು. ಹೀಗೇಕೆ ಆಗುತ್ತದೆಂದು ನೀವು ಯೋಚಿಸಿದ್ದುಂಟೆ?

ಆಕಾಶವಾಣಿಯ ಸ್ಟುಡಿಯೋದಲ್ಲಿ ಕಲಾವಿದರು ಒಂದು ಕೋಣೆಯಲ್ಲಿ ಹಾಡಿದರೆ, ಧ್ವನಿಯನ್ನು ಹದಗೊಳಿಸುವವರು ಗಾಜಿನ ಕಿಟಕಿಯಾಚೆ ಇನ್ನೊಂದು ಕೋಣೆಯಲ್ಲಿರುತ್ತಾರೆ. ಮೈಕಿನ ಮೂಲಕ ಬಂದದ್ದು ಮಾತ್ರವೇ ಅವರಿಗೆ ಕೇಳಿಸುತ್ತದೆ. ಎಂದರೆ, ನೀವು ಮನೆಯಲ್ಲಿ ಕೇಳುವುದನ್ನೇ ಅವರೂ ಕೇಳುತ್ತಾರೆ. ಚಪ್ಪರದಲ್ಲಿ ಹಾಗಲ್ಲ. ಮೈಕುಗಳ ತಂತಿಗಳೆಲ್ಲ ವೇದಿಕೆಯ ಬಳಿ ಬಂದು ಸೇರುವುದರಿಂದ ಮೈಕ್‌ಸೆಟ್ಟಿನವರು ಸಾಮಾನ್ಯವಾಗಿ ಅಲ್ಲಿಯೇ, ಸ್ಪೀಕರುಗಳ ಹಿಂದೆ, ಕುಳಿತುಬಿಡುತ್ತಾರೆ. ಸಭಿಕರಿಗೆ ಕೇಳುವ ಧ್ವನಿ ಅವರ ಕಿವಿಗೆ ಬೀಳುವುದೇ ಇಲ್ಲ.

ಈ ಕೊರತೆಯನ್ನು ನೀಗಿಸಲು ಈಗ ನಿಸ್ತಂತು ಡಿಜಿಟಲ್ ಮಿಕ್ಸರುಗಳು ಬಂದಿವೆ. ಉದಾಹರಣೆಗೆ ಬೆಹ್ರಿಂಗರ್ ಎಕ್ಸ್‌ಆರ್ ೧೮ ಎಂಬುದು ಕೈಯಲ್ಲಿ ಹಿಡಿದು ಒಯ್ಯಬಹುದಾದಷ್ಟು ಪುಟ್ಟ ಪೆಟ್ಟಿಗೆ. ಇದಕ್ಕೆ ೧೬ ಮೈಕುಗಳನ್ನು ಸೇರಿಸಬಹುದು. ಮುಖ್ಯ ಸ್ಪೀಕರುಗಳಲ್ಲದೆ, ಕಲಾವಿದರು ತಮ್ಮ ಧ್ವನಿಯನ್ನು ತಾವು ಕೇಳಿಕೊಳ್ಳಲೆಂದು ಬೇರೆಯಾಗಿ ೬ ದಾರಿಗಳಿವೆ. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಗಳ ಸಾಲು ಪೆಟ್ಟಿಗೆಯ ಮೇಲಿಲ್ಲ. ಅದು ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಮೂಡುತ್ತದೆ. ಪೆಟ್ಟಿಗೆ ವೇದಿಕೆಯಲ್ಲಿಯೇ ಉಳಿಯುತ್ತದೆ. ಅದನ್ನು ನಡೆಸುವವರು ಸಭಿಕರ ನಡುವೆ ಓಡಾಡಬಹುದು.

ನಿಸ್ತಂತು ಎಂದೊಡನೆ ಹಾಡೇ ಗಾಳಿಯಲ್ಲಿ ಹಾರಿಬರುತ್ತದೆಂದು ತಿಳಿಯಬೇಡಿ. ಧ್ವನಿ ಸಾಗುವುದು ತಂತಿಯಲ್ಲಿಯೇ. ವೈಫೈ ಮೂಲಕ ಹೋಗುವುದು 'ವೀಣೆಯನ್ನು ತುಸು ಏರಿಸು, ಮೃದಂಗವನ್ನು ತುಸು ಇಳಿಸು' ಎಂಬ ಆಜ್ಞೆ ಮಾತ್ರ. ಆದ್ದರಿಂದ ಸಂಪರ್ಕ ಕಡಿದರೂ ಹಾಡು ನಿಲ್ಲದು. ಕೊನೆಯ ಆಜ್ಞೆಯಂತೆ ಮುಂದುವರಿಯುತ್ತದೆ. ಅಪಾಯವಿರುವುದು ಬೇರೆ ಕಡೆ: ಆ ಹೊತ್ತಿನಲ್ಲಿ ಮೈಕು ಕಿರಿಚತೊಡಗಿದರೆ ಅದನ್ನು ಅಡಗಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕುಮಾರಸ್ವಾಮಿ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ ಈ ಯಂತ್ರವನ್ನು ಪರೀಕ್ಷಿಸಬೇಕೆಂದಿಟ್ಟುಕೊಳ್ಳಿ. ಒತ್ತಾದ ಮನೆಗಳು, ಸಮೀಪದಲ್ಲೇ ದಯಾನಂದ ಸಾಗರ್ ಕಾಲೇಜುಗಳಿರುವುದರಿಂದ ಬಾಡಿಗೆ ಕೋಣೆಗಳಲ್ಲಿ ವಿದ್ಯಾರ್ಥಿಗಳು, ಮನೆಮನೆಗೂ ವೈಫೈ. ಯಂತ್ರದೊಳಗಿನ ವೈಫೈ ೨.೪ ಗಿಗಾಹರ್ಟ್ಸಿನದು, ಆ ದಾರಿಯಲ್ಲಿ ಅಕ್ಕಪಕ್ಕದವರ ಗದ್ದಲ ಹೆಚ್ಚು. ಜೊತೆಗೆ ಮನುಷ್ಯರ ದೇಹ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಖಾಲಿ ಚಪ್ಪರದಲ್ಲಿ ಸರಿಯಾಗಿ ನಡೆದದ್ದು ಜನ ತುಂಬಿದ ಮೇಲೆ ಕೈಕೊಡಬಹುದು. ಆದುದರಿಂದ ೫ ಗಿಗಾಹರ್ಟ್ಸಿನ ಬೇರೊಂದು ರೂಟರನ್ನು ಯಂತ್ರಕ್ಕೆ ತಂತಿಯಿಂದ ಸೇರಿಸಿ, ಜನರ ತಲೆಗಿಂತ ಎತ್ತರದಲ್ಲಿ ಕಟ್ಟಿರಿ. ಬಳಿಕ ಹಾಡು ನಡೆಯುತ್ತಿರುವಾಗಲೇ ಟ್ಯಾಬ್ಲೆಟ್ಟನ್ನು ಬೇಕೆಂದೇ ಆರಿಸಿ, ಮತ್ತೆ ಹಚ್ಚಿ. ಸಂಪರ್ಕ ಮರಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ. ವೇದಿಕೆಯ ಬಳಿ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪೊಂದು ಇರಲಿ. ಆಂಪ್ಲಿಫೈಯರಿನ ಸ್ವಿಚ್ಚಿನ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಈಗ ಟ್ಯಾಬ್ಲೆಟ್ ಹಿಡಿದು ನಡೆಯಿರಿ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದರೆ ಧ್ವನಿ ಸುಮಾರು ೬ ಡೆಸಿಬೆಲ್ ಇಳಿಯುತ್ತದೆ. ಹಿಂದಿನ ಸಾಲಿಗೆ ಕೇಳದೆಂದು ಎಲ್ಲವನ್ನೂ ಏರಿಸುವುದು ಸುಲಭ, ಆದರೆ ತಪ್ಪು. ಮೊದಲು ಮೃದಂಗವನ್ನು ಇಳಿಸಿ ನೋಡಿ. ಗಾಯಕರ ಮಾತು ತಾನೇ ಬಿಡಿಸಿಕೊಂಡೀತು. ಅದೂ ಸಾಲದಿದ್ದರೆ ಚಪ್ಪರದ ನಡುವೆ ಇನ್ನೆರಡು ಸಣ್ಣ ಸ್ಪೀಕರುಗಳನ್ನಿಡಿ.

ಅಷ್ಟಕ್ಕೇ ನಿಲ್ಲದೆ ಚಪ್ಪರದಾಚೆಯ ಕೊನೆಯ ಮನೆಯ ಗೇಟಿನವರೆಗೂ ಹೋಗಿ. ಕಛೇರಿಗೆ ಬಾರದವರ ಕಿವಿಯಿಂದ ಕೇಳಲು ಹಳೆಯ ಏರ್ಪಾಟಿನಲ್ಲಿ ಅವಕಾಶವಿರಲಿಲ್ಲ; ಈ ಯಂತ್ರದ ನಿಜವಾದ ಉಪಕಾರ ಇದೇ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ ೫೫ ಡೆಸಿಬೆಲ್, ರಾತ್ರಿಯದು ೪೫. ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಸರ್ಕಾರ ವಿಶೇಷವಾಗಿ ಸಡಿಲಿಸಿದ ಹಬ್ಬದ ದಿನಗಳಲ್ಲಿಯೂ ನಡುರಾತ್ರಿಯೇ ಗಡಿ. ಆ ಗೇಟಿನ ಬಳಿ ನಿಂತು ಧ್ವನಿಯನ್ನು ಎಲ್ಲಿಯವರೆಗೆ ಇಳಿಸಿದರೂ ಚಪ್ಪರದೊಳಗೆ ಸಾಹಿತ್ಯ ತಿಳಿಯುತ್ತದೆಂಬುದನ್ನು ಗೆಳೆಯರೊಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಕಂಡುಕೊಳ್ಳಿ. ಆ ಹದವನ್ನು ಯಂತ್ರದ ನೆನಪಿನಲ್ಲಿ ಉಳಿಸಿಡಿ; ಸಂಜೆ ಬೆರಳಿನ ಒಂದೇ ಒತ್ತಿಗೆ ಅದು ಮರಳಿ ಬರುತ್ತದೆ.

ಮೈಕನ್ನು ಬಾಯಿಗೆ ತಕ್ಕಷ್ಟು ಹತ್ತಿರ ಇಡುವುದು, ಸ್ಪೀಕರನ್ನು ಮೈಕಿಗಿಂತ ಮುಂದೆ ನಿಲ್ಲಿಸುವುದು, ಇವನ್ನು ಮಾತ್ರ ಯಾವ ಯಂತ್ರವೂ ನಿಮಗಾಗಿ ಮಾಡಿಕೊಡದು. ಹಬ್ಬದ ಹಿಂದಿನ ಸಂಜೆ ಎರಡು ಗಂಟೆ ಬಿಡುವು ಮಾಡಿಕೊಂಡು ಈ ಪರೀಕ್ಷೆಗಳನ್ನು ನಡೆಸಿ. ಬಾಡಿಗೆಗೆ ತರುವುದಾದರೆ ಆ ಸಂಜೆಯನ್ನೂ ಸೇರಿಸಿಯೇ ಮಾತನಾಡಿಕೊಳ್ಳಿ.